ಬ್ರಷ್‌ನ ಬುಡದಲ್ಲಿ ಉಳಿಯುವ ತೇವ

ಬೆಂಗಳೂರು, ಮೈಸೂರು ಕಡೆಯ ಮದುವೆಗಳಲ್ಲಿ ಸಾಮಾನ್ಯವಾಗಿ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಮುಹೂರ್ತ. ಫೋಟೋಗೆ ನಿಂತವರ ಸಾಲು ಕರಗಿ, ಮದುಮಗಳ ಜಡೆ ಬಿಚ್ಚಿ, ಮುಖದ ಬಣ್ಣ ಒರೆಸಿ ಮುಗಿಯುವಷ್ಟರಲ್ಲಿ ರಾತ್ರಿ ಹನ್ನೊಂದು ದಾಟಿರುತ್ತದೆ. ಮುಹೂರ್ತ ಆರೂವರೆಗಿದ್ದರೆ ಮೂರೂವರೆಗೆಲ್ಲ ಅವಳು ಮತ್ತೆ ಕನ್ನಡಿಯ ಮುಂದೆ ಕೂರಬೇಕು. ನಡುವೆ ಸಿಗುವುದು ನಾಲ್ಕು ಗಂಟೆ. ಆ ಹೊತ್ತಿಗೆ ಮೇಕಪ್ ಮಾಡುವವರ ಮುಂದೆ ಒಂದು ರಾಶಿ ಬ್ರಷ್ ಬಿದ್ದಿರುತ್ತದೆ. ಫೌಂಡೇಶನ್ ಹಚ್ಚಿದ್ದು, ಕಣ್ಣಿನ ರೆಪ್ಪೆಗೆ ಬಣ್ಣ ತೀಡಿದ್ದು, ತುಟಿಯ ಅಂಚು ಬರೆದದ್ದು. ಅವುಗಳಲ್ಲಿ ಕೆಲವು ಮದುಮಗಳ ಜತೆಗೆ ಅವಳ ಅಕ್ಕ, ಅತ್ತಿಗೆ, ಚಿಕ್ಕಮ್ಮಂದಿರ ಮುಖಗಳನ್ನೂ ಸುತ್ತಿ ಬಂದಿರುತ್ತವೆ.

ತೊಳೆಯುವುದಕ್ಕೆ ಅರ್ಧ ಗಂಟೆ ಸಾಕು. ಒಣಗುವುದಕ್ಕೆ ನಾಲ್ಕು ಗಂಟೆ ಸಾಲದು. ಒತ್ತು ಕೂದಲಿನ ಫೌಂಡೇಶನ್ ಬ್ರಷ್ ಬುಡದವರೆಗೆ ಒಣಗಬೇಕಾದರೆ ಒಂದು ಇಡೀ ದಿನ ಹಿಡಿಯಬಹುದು. ಈ ಕಸುಬಿನಲ್ಲಿ ಪಳಗಿದವರು ಸಂಜೆಗೊಂದು, ಬೆಳಗಿಗೊಂದು ಎಂದು ಎರಡು ಸೆಟ್ ಇಟ್ಟುಕೊಳ್ಳುವುದು ಈ ಲೆಕ್ಕದಿಂದಲೇ.

ಮೇಕಪ್ ಬ್ರಷ್‌ಗಳ ಮಾತು ಬಂದಾಗ ಎಲ್ಲರೂ ಕೇಳುವುದು ತೊಳೆಯುವುದರ ಬಗ್ಗೆ. ಯಾವ ಶಾಂಪೂ ಒಳ್ಳೆಯದು, ವಾರಕ್ಕೆಷ್ಟು ಸಲ, ಪಾತ್ರೆ ತೊಳೆಯುವ ಲಿಕ್ವಿಡ್ ಆಗುತ್ತದೆಯೇ. ಒಣಗಿಸುವುದರ ಬಗ್ಗೆ ಕೇಳುವವರು ಕಡಿಮೆ. ಬ್ರಷ್ ಬೇಗ ಹಾಳಾಗುವುದಕ್ಕೂ ಅದರಿಂದ ಚರ್ಮಕ್ಕೆ ತೊಂದರೆ ಬರುವುದಕ್ಕೂ ಮೂಲ ಬಹುಮಟ್ಟಿಗೆ ಒಂದೇ: ಬುಡದಲ್ಲಿ ಉಳಿದುಬಿಡುವ ತೇವ.

ಬ್ರಷ್ಷಿನ ರಚನೆ ನೋಡಿದರೆ ಇದು ತಿಳಿಯುತ್ತದೆ. ಅದಕ್ಕೆ ಮೂರು ಭಾಗ: ಕೂದಲು, ಹಿಡಿ, ಇವೆರಡನ್ನೂ ಹಿಡಿದಿಡುವ ಲೋಹದ ಕೊಳವೆ. ಕೂದಲಿನ ಕಟ್ಟನ್ನು ಕೊಳವೆಯೊಳಗೆ ಕೂರಿಸಿ, ಬುಡಕ್ಕೆ ಅಂಟು ಸುರಿದು ಗಟ್ಟಿ ಮಾಡಿರುತ್ತಾರೆ. ಕೊಳವೆಯ ಇನ್ನೊಂದು ತುದಿಗೆ ಮರದ ಹಿಡಿಯನ್ನು ತೂರಿಸಿ, ಅದುಮಿ ಬಿಗಿದಿರುತ್ತಾರೆ. ಹೊರಗೆ ಕಾಣುವ ಕೂದಲು ಗಾಳಿಗೆ ಬೇಗ ಒಣಗುತ್ತದೆ. ಕೊಳವೆಯೊಳಗೆ ಒತ್ತೊತ್ತಾಗಿ ಕೂತ ಕೂದಲಿನ ಸಂದುಗಳು ಮಾತ್ರ ದೀಪದ ಬತ್ತಿ ಎಣ್ಣೆ ಎಳೆದುಕೊಂಡ ಹಾಗೆ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಅಲ್ಲಿಗೆ ಗಾಳಿ ಸುಳಿಯುವುದಿಲ್ಲ. ನೀರಿನ ಜತೆ ಹೋದ ಸೋಪು, ಫೌಂಡೇಶನ್ನಿನ ಎಣ್ಣೆ, ಚರ್ಮದಿಂದ ಬಂದ ಜಿಡ್ಡು ಅಲ್ಲೇ ಕೂರುತ್ತವೆ. ತೇವ ಮತ್ತೆ ಮತ್ತೆ ಹೋದರೆ ಅಂಟಿನ ಹಿಡಿತ ಸಡಿಲವಾಗಿ ಕೂದಲು ಉದುರುತ್ತದೆ. ಮರ ಉಬ್ಬಿ ಹಿಡಿಯ ಮೇಲಿನ ಬಣ್ಣ ಬಿರುಕು ಬಿಡುತ್ತದೆ. ಆಮೇಲೆ ಮರ ಕುಗ್ಗಿದಾಗ ಹಿಡಿ ಕೊಳವೆಯೊಳಗೆ ಅಲುಗಾಡತೊಡಗುತ್ತದೆ. ದುಬಾರಿ ಬ್ರಷ್ ಎರಡೇ ವರ್ಷಕ್ಕೆ ಕೈಕೊಟ್ಟಿತು ಎಂದು ದೂರುವವರು ಅದನ್ನು ತೊಳೆದು ಹೇಗೆ ಇಡುತ್ತಿದ್ದರು ಎಂದು ವಿಚಾರಿಸಿದರೆ, ಹೆಚ್ಚಿನವರ ಉತ್ತರ ಒಂದೇ ಇರುತ್ತದೆ: ಕೂದಲು ಮೇಲಾಗಿ, ಒಂದು ಲೋಟದಲ್ಲಿ.

ಆರೋಗ್ಯದ ವಿಷಯದಲ್ಲಿ 2019ರಲ್ಲಿ ಬ್ರಿಟನ್ನಿನ ಆಸ್ಟನ್ ವಿಶ್ವವಿದ್ಯಾಲಯದಿಂದ ಬಂದ ಒಂದು ಅಧ್ಯಯನ ಹಲವರ ಕಣ್ಣು ತೆರೆಸಿತು. ಅಮ್ರೀನ್ ಬಷೀರ್ ಮತ್ತು ಪೀಟರ್ ಲ್ಯಾಂಬರ್ಟ್ ಎಂಬ ಸಂಶೋಧಕರು ಜನ ಬಳಸಿದ್ದ 467 ಪ್ರಸಾಧನಗಳನ್ನು ಪರೀಕ್ಷಿಸಿದರು. ಲಿಪ್‌ಸ್ಟಿಕ್, ಲಿಪ್ ಗ್ಲಾಸ್, ಐಲೈನರ್, ಮಸ್ಕಾರ ಮತ್ತು ಫೌಂಡೇಶನ್ ಹಚ್ಚುವ ಸ್ಪಾಂಜ್ ಅದರಲ್ಲಿದ್ದವು. ಬಗೆಯಿಂದ ಬಗೆಗೆ ಪ್ರಮಾಣ ಬೇರೆಯಾದರೂ ಶೇ. 79ರಿಂದ 90ರಷ್ಟು ವಸ್ತುಗಳಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು. ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಸ್ಪಾಂಜ್‌ಗಳಲ್ಲಿ. ಅವುಗಳಲ್ಲಿ ಶೇ. 93ರಷ್ಟನ್ನು ಬಳಸಿದವರು ಒಮ್ಮೆಯೂ ತೊಳೆದಿರಲಿಲ್ಲ. ಶೇ. 64ರಷ್ಟು ನೆಲಕ್ಕೆ ಬಿದ್ದ ಮೇಲೂ ಹಾಗೆಯೇ ಬಳಕೆಯಲ್ಲಿದ್ದವು. ಆ ಅಧ್ಯಯನದಲ್ಲಿ ಬ್ರಷ್‌ಗಳು ಇರಲಿಲ್ಲ. ಆದರೂ ಸ್ಪಾಂಜಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿದ ಎರಡು ಸಂಗತಿಗಳು, ಕ್ರೀಮ್ ಹೀರುವ ಗುಣ ಮತ್ತು ಒದ್ದೆಯಾಗಿಯೇ ಪೆಟ್ಟಿಗೆ ಸೇರುವ ಅಭ್ಯಾಸ, ಫೌಂಡೇಶನ್ ಬ್ರಷ್‌ಗೂ ಅನ್ವಯಿಸುತ್ತವೆ.

ಹಾಗಾದರೆ ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು? ಇಲ್ಲಿ ಬಲ್ಲವರಲ್ಲೇ ಭಿನ್ನಮತವಿದೆ. ಚರ್ಮವೈದ್ಯರ ದೊಡ್ಡ ಸಂಘಟನೆಯಾದ ಅಮೆರಿಕನ್ ಅಕಾಡೆಮಿ ಆಫ್ ಡರ್ಮಟಾಲಜಿ ಹೇಳುವುದು ಏಳರಿಂದ ಹತ್ತು ದಿನಕ್ಕೊಮ್ಮೆ ಎಂದು. ಜಗತ್ತಿನ ಅತ್ಯುತ್ತಮ ಬ್ರಷ್‌ಗಳನ್ನು ಕೈಯಲ್ಲಿ ಕಟ್ಟುವ ಜಪಾನಿನ ಕುಶಲಕರ್ಮಿಗಳು, ನೈಸರ್ಗಿಕ ಕೂದಲಿನ ಬ್ರಷ್‌ಗಳನ್ನು ಪದೇ ಪದೇ ತೊಳೆಯಬೇಡಿ ಎನ್ನುತ್ತಾರೆ. ಇಬ್ಬರ ಮಾತಿಗೂ ಆಧಾರವಿದೆ. ಎರಡನೆಯದರ ಆಧಾರ ತಿಳಿಯಬೇಕಾದರೆ ಅವರ ಊರಿಗೊಮ್ಮೆ ಹೋಗಿಬರಬೇಕು.

ಹಿರೋಷಿಮಾ ಪ್ರಾಂತ್ಯದ ಬೆಟ್ಟಗಳ ನಡುವೆ ಕುಮಾನೊ ಎಂಬ ಪಟ್ಟಣವಿದೆ. ಜನಸಂಖ್ಯೆ ಸುಮಾರು 24,000. ಜಪಾನಿನಲ್ಲಿ ತಯಾರಾಗುವ ಕುಂಚ, ಬ್ರಷ್‌ಗಳಲ್ಲಿ ಹತ್ತಿರಹತ್ತಿರ ಶೇ. 80ರಷ್ಟು ಈ ಒಂದೇ ಊರಿನವು. ಉಳುವ ನೆಲ ಕಡಿಮೆಯಿದ್ದ ಊರು ಇದು. ಎಡೊ ಕಾಲದಲ್ಲಿ ಇಲ್ಲಿನ ರೈತರು ಬೇಸಾಯದ ಬಿಡುವಿನಲ್ಲಿ ದುಡಿಮೆ ಹುಡುಕಿಕೊಂಡು ನಾರಾ ಕಡೆಗೆ ಹೋಗುತ್ತಿದ್ದರು. ಮರಳುವಾಗ ಕೈಯಲ್ಲಿದ್ದ ದುಡ್ಡಿಗೆ ಅಲ್ಲಿಂದ ಬರೆಯುವ ಕುಂಚ, ಮಸಿ ಕೊಂಡು ದಾರಿಯಲ್ಲಿ ಮಾರುತ್ತ ಬರುತ್ತಿದ್ದರು. 19ನೇ ಶತಮಾನದಲ್ಲಿ ಊರಿನ ಕೆಲವು ತರುಣರು ಹೊರಗೆ ಹೋಗಿ ಕುಂಚ ಕಟ್ಟುವ ವಿದ್ಯೆಯನ್ನೇ ಕಲಿತು ಬಂದರು. ಮಾರುವವರ ಊರು ಮಾಡುವವರ ಊರಾಯಿತು. ಎರಡನೇ ಮಹಾಯುದ್ಧದ ಬಳಿಕ ಶಾಲೆಗಳಲ್ಲಿ ಕುಂಚಬರಹದ ಪಾಠ ನಿಂತು ಬೇಡಿಕೆ ಕುಸಿದಾಗ, ಅದೇ ಕೈಗಳು ಚಿತ್ರಕಾರರ ಕುಂಚ ಮತ್ತು ಮೇಕಪ್ ಬ್ರಷ್‌ಗಳ ಕಡೆಗೆ ತಿರುಗಿದವು. 1975ರಲ್ಲಿ ಕುಮಾನೊದ ಕುಂಚಕ್ಕೆ ಜಪಾನ್ ಸರ್ಕಾರ ಸಾಂಪ್ರದಾಯಿಕ ಕರಕುಶಲವೆಂಬ ಮಾನ್ಯತೆ ಕೊಟ್ಟಿತು. 2011ರಲ್ಲಿ ಜಪಾನಿನ ಮಹಿಳಾ ಫುಟ್‌ಬಾಲ್ ತಂಡ ವಿಶ್ವಕಪ್ ಗೆದ್ದು ಬಂದಾಗ, ರಾಷ್ಟ್ರೀಯ ಗೌರವ ಪ್ರಶಸ್ತಿಯ ಜತೆ ಆಟಗಾರ್ತಿಯರಿಗೆ ಸರ್ಕಾರ ಕೊಟ್ಟ ಉಡುಗೊರೆ ಕುಮಾನೊದ ಮೇಕಪ್ ಬ್ರಷ್‌ಗಳು.

ಕುಮಾನೊದ ಬ್ರಷ್ಷಿನ ಹೆಚ್ಚುಗಾರಿಕೆ ಅದರ ತುದಿಯಲ್ಲಿದೆ. ಅಗ್ಗದ ಬ್ರಷ್‌ಗಳಲ್ಲಿ ಕೂದಲಿನ ಕಟ್ಟು ಮಾಡಿ, ಬೇಕಾದ ಆಕಾರಕ್ಕೆ ಕತ್ತರಿಸುವುದುಂಟು. ಕತ್ತರಿಸಿದ ತುದಿ ಮೊಂಡಾಗಿ ಚರ್ಮಕ್ಕೆ ಚುಚ್ಚುತ್ತದೆ. ಕುಮಾನೊದಲ್ಲಿ ಪ್ರಾಣಿಯ ಕೂದಲು ಸಹಜವಾಗಿ ಸಣ್ಣಗಾಗುತ್ತ ಬಂದ ತುದಿಯನ್ನು ಹಾಗೆಯೇ ಉಳಿಸಿಕೊಳ್ಳುತ್ತಾರೆ. ದುಂಡಗೆ, ಮೊನಚಾಗಿ, ಓರೆಯಾಗಿ ಯಾವ ಆಕಾರ ಬೇಕಾದರೂ ಕೂದಲನ್ನು ಕೊಮಾ ಎಂಬ ಚಿಕ್ಕ ಮರದ ಅಚ್ಚಿನೊಳಗೆ ತುದಿ ಕೆಳಗಾಗಿ ಇಳಿಸಿ, ಕುಲುಕಿ, ಕೂರಿಸಿ ಬರಿಸುತ್ತಾರೆ. ತಲೆಕೆಳಗಾದ ಕೂದಲುಗಳನ್ನು ಒಂದೊಂದಾಗಿ ಆರಿಸಿ ತೆಗೆಯುತ್ತಾರೆ. ಬರೆಯುವ ಕುಂಚದ ಕೂದಲಿಗೆ ಭತ್ತದ ಉಮಿಯ ಬೂದಿ ಬೆರೆಸಿ, ಜಿಂಕೆಯ ಚರ್ಮದಲ್ಲಿ ಸುತ್ತಿ ಉಜ್ಜುವುದೂ ಉಂಟು. ಬೂದಿ ಕೂದಲಿನ ಜಿಡ್ಡನ್ನು ಹೀರಿಕೊಳ್ಳುತ್ತದೆ. ಉಮಿಕರಿಯಲ್ಲಿ ಹಲ್ಲುಜ್ಜಿದ ನೆನಪಿರುವ ಕರಾವಳಿ, ಮಲೆನಾಡಿನ ಹಿರಿಯರಿಗೆ ಆ ಬೂದಿಯ ಗುಣ ಹೊಸದಲ್ಲ.

ಇಷ್ಟು ಜತನದಿಂದ ಉಳಿಸಿಕೊಂಡ ತುದಿ ಮತ್ತು ಮೇಲ್ಮೈಯನ್ನು ಒರಟು ತೊಳೆತ ಹಾಳು ಮಾಡುತ್ತದೆ. ಮೇಕೆ, ಅಳಿಲು, ಕುದುರೆಯ ಕೂದಲೂ ನಮ್ಮ ತಲೆಗೂದಲಿನಂತೆ ಕೆರಟಿನ್ ಎಂಬ ಪ್ರೋಟೀನಿನಿಂದಾದದ್ದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಮೇಲೆ ಒಂದರ ಮೇಲೊಂದು ಹೊದ್ದ ಸಣ್ಣ ಸಣ್ಣ ಪದರಗಳು ಕಾಣುತ್ತವೆ. ಪೌಡರ್, ಬ್ಲಶ್ ಬಣ್ಣದ ಕಣಗಳು ಹಿಡಿದು ನಿಲ್ಲುವುದು ಈ ಪದರಗಳ ಅಂಚಿನಲ್ಲಿ. ನೈಸರ್ಗಿಕ ಕೂದಲಿನ ಬ್ರಷ್ ಪೌಡರನ್ನು ಸಮನಾಗಿ ಹರಡುವುದರ ಗುಟ್ಟು ಅದು. ಬಟ್ಟೆ ಸೋಪಿನಂಥ ಕ್ಷಾರ ಬಿದ್ದರೆ ಪದರಗಳು ಎದ್ದು ನಿಲ್ಲುತ್ತವೆ, ಕೂದಲು ಒರಟಾಗುತ್ತದೆ, ಮುರಿಯುತ್ತದೆ. ಹೀಗಾಗಿ ಕುಮಾನೊದವರ ಸಲಹೆ ಸರಳ. ಪೌಡರಿನ ಬ್ರಷ್ಷನ್ನು ಪ್ರತಿ ಸಲ ಬಳಸಿದ ಮೇಲೆ ಮೆತ್ತನೆಯ ಬಟ್ಟೆ ಅಥವಾ ಟಿಶ್ಯೂ ಮೇಲೆ ಹಗುರವಾಗಿ ಒರೆಸಿ ಪುಡಿ ಉದುರಿಸಿ. ಬಣ್ಣ ಬಿಡದೆ ಕೂತಾಗ, ಕೂದಲು ಜಿಡ್ಡಾದಾಗ ಮಾತ್ರ ತೊಳೆಯಿರಿ. ಕುಂಚವೆಂದರೆ ಆ ಊರಿನವರಿಗೆ ಎಷ್ಟು ಮಮತೆಯೆಂದರೆ, ಪ್ರತಿ ವರ್ಷ ಶರತ್ಕಾಲದಲ್ಲಿ ಹಗಲು ರಾತ್ರಿ ಸಮನಾಗುವ ದಿನ ಕುಂಚದ ಹಬ್ಬ ನಡೆಸಿ, ಸವೆದುಹೋದ ಕುಂಚಗಳಿಗೆ ಕೃತಜ್ಞತೆ ಹೇಳಿ ಅವನ್ನು ಬೆಂಕಿಗೆ ಒಪ್ಪಿಸುತ್ತಾರೆ. 1935ರಿಂದ ಈ ಹಬ್ಬ ನಡೆದು ಬಂದಿದೆ.

ವೈದ್ಯರ ಮಾತು ಮತ್ತು ಕುಶಲಕರ್ಮಿಗಳ ಮಾತು ಹೊಂದುವುದು ನೀರಿನ ಲೆಕ್ಕದಲ್ಲಿ. ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯಬೇಕಾದರೆ ನೀರು ಬೇಕು. ಒಣ ಪೌಡರಿನಲ್ಲಿ ಅವಕ್ಕೆ ಸಿಗುವ ನೀರು ಇಲ್ಲವೆನ್ನುವಷ್ಟು ಕಡಿಮೆ. ಫೌಂಡೇಶನ್, ಕನ್ಸೀಲರ್‌ಗಳಲ್ಲಿ ನೀರು, ಎಣ್ಣೆ ಎರಡೂ ಇರುತ್ತವೆ. ಬಾಟಲಿಯೊಳಗೆ ಅವನ್ನು ಕಾಯಲು ಸಂರಕ್ಷಕಗಳಿರುತ್ತವೆ ನಿಜ. ಚರ್ಮದ ಜಿಡ್ಡು, ಸತ್ತ ಜೀವಕೋಶ, ಬೆವರು ಬೆರೆತು ಬ್ರಷ್ ಸೇರಿದ ಮೇಲೆ ಆ ಕಾವಲು ಸಾಲುವುದಿಲ್ಲ. ಆದ್ದರಿಂದ ಮನೆಯಲ್ಲಿ ಒಬ್ಬರೇ ಬಳಸುವ ಪೌಡರ್ ಬ್ರಷ್ ದಿನವೂ ಒರೆಸಿಕೊಂಡು ಕೆಲವು ವಾರ ಇರಬಲ್ಲದು. ಫೌಂಡೇಶನ್ ಬ್ರಷ್‌ಗೆ ವೈದ್ಯರ ವಾರದ ಗಡುವೇ ಸರಿ. ಮೊಡವೆ ಎದ್ದ ಮುಖಕ್ಕೂ ಕಣ್ಣಿನ ಅಂಚಿಗೆ ತಾಗುವ ಬ್ರಷ್‌ಗೂ ಅದೇ ಗಡುವು ಒಳ್ಳೆಯದು. ಒಬ್ಬರಿಗಿಂತ ಹೆಚ್ಚು ಜನರ ಮುಖ ಮುಟ್ಟುವ ಬ್ರಷ್‌ಗೆ ಈ ಯಾವ ಲೆಕ್ಕವೂ ಇಲ್ಲ. ಪ್ರತಿ ಮುಖಕ್ಕೂ ಶುದ್ಧ ಬ್ರಷ್ ಬೇಕು, ಅಷ್ಟೇ.

ಇನ್ನು ತೊಳೆಯುವ ಕೆಲಸ. ಈಗಿನ ಫೌಂಡೇಶನ್‌ಗಳಲ್ಲಿ ಹಲವು ನೀರು ತಾಗಿದರೆ ಅಳಿಯದಂತೆ ಸಿಲಿಕೋನ್, ಮೇಣಗಳಿಂದ ಮಾಡಿದಂಥವು. ಬರಿ ನೀರು ಹಾಗಿರಲಿ, ಶಾಂಪೂವಿಗೂ ಅವು ಸುಲಭಕ್ಕೆ ಬಗ್ಗುವುದಿಲ್ಲ. ಇದಕ್ಕೆ ಉಪಾಯ ನಮ್ಮ ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಕೋಣೆಯಲ್ಲಿ, ಬಹಳ ಕಾಲದಿಂದ ಇದೆ. ರಾತ್ರಿಯಿಡೀ ಕುಣಿದ ವೇಷಧಾರಿ ಬೆಳಗಿನ ಜಾವ ಮುಖದ ಬಣ್ಣ ತೆಗೆಯಲು ಕೂತಾಗ ಮೊದಲು ಕೈಹಾಕುವುದು ತೆಂಗಿನೆಣ್ಣೆಗೆ. ಎಣ್ಣೆ ಸವರಿ, ಬಣ್ಣ ಸಡಿಲಗೊಂಡ ಮೇಲೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು, ನೀರು. ಎಣ್ಣೆಯಲ್ಲಿ ಕಲಸಿದ್ದು ಎಣ್ಣೆಗೇ ಕರಗುತ್ತದೆ. ಕರಗಿದ ಎಣ್ಣೆಯನ್ನು ಸೋಪಿನ ಕಣಗಳು ಸುತ್ತುವರಿದು ನೀರಿನ ಜತೆ ಕೊಂಡೊಯ್ಯುತ್ತವೆ. ಬ್ರಷ್‌ಗೂ ಇದೇ ಕ್ರಮ. ಹಟಹಿಡಿದ ಫೌಂಡೇಶನ್ ಇದ್ದರೆ ತಟ್ಟೆಯಲ್ಲಿ ಒಂದೆರಡು ಹನಿ ಎಣ್ಣೆ ಹಾಕಿ, ಕೂದಲಿನ ತುದಿಯನ್ನಷ್ಟೇ ಅದರಲ್ಲಿ ಆಡಿಸಿ, ಬಟ್ಟೆಗೆ ಒತ್ತಿ ತೆಗೆದು, ಆಮೇಲೆ ಶಾಂಪೂವಿಗೆ ಬರಬೇಕು. ಎಣ್ಣೆ ಹೆಚ್ಚಾದರೆ ಅದೇ ಬುಡಕ್ಕಿಳಿದು ಕೂರುತ್ತದೆ.

ಚೌಕಿಯಿಂದ ಕಲಿಯಬೇಕಾದ ಇನ್ನೊಂದು ಸಂಗತಿಯಿದೆ. ಯಕ್ಷಗಾನದಲ್ಲಿ ಪ್ರತಿ ಕಲಾವಿದನೂ ತನ್ನ ಮುಖವರ್ಣಿಕೆಯನ್ನು ತಾನೇ ಬರೆದುಕೊಳ್ಳುವುದು ರೂಢಿ. ಬಣ್ಣ ಅವನ ಅಂಗೈಯಲ್ಲಿ ಬೆರೆಯುತ್ತದೆ, ಬೆರಳಿನಿಂದ ಹರಡುತ್ತದೆ, ಗೆರೆಗಳು ಕಡ್ಡಿಯಿಂದ ಮೂಡುತ್ತವೆ. ರಾಕ್ಷಸ ಪಾತ್ರಗಳ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣದ ಉಬ್ಬು ಚುಕ್ಕೆಗಳಾದ ಚಿಟ್ಟಿ ಇಡುವುದಂತೂ ಗಂಟೆಗಟ್ಟಲೆಯ ತಪಸ್ಸು. ಯಕ್ಷಗಾನದ ದಕ್ಷಿಣ ಶೈಲಿಯಾದ ತೆಂಕುತಿಟ್ಟಿನ ಬಣ್ಣದ ಮಾಲಿಂಗನವರಂಥ ದೊಡ್ಡ ವೇಷಧಾರಿಗಳ ಹೆಸರಿಗೇ ಬಣ್ಣ ಅಂಟಿಕೊಂಡಿತು. ಅವರ ಮುಖ, ಅವರ ಬೆರಳು, ಅವರ ಕಡ್ಡಿ. ಒಬ್ಬರ ಸಲಕರಣೆ ಇನ್ನೊಬ್ಬರ ಮುಖಕ್ಕೆ ಹೋಗುವ ಸಂದರ್ಭವೇ ಕಡಿಮೆ.

ಶಾಂಪೂ ಯಾವುದಿರಬೇಕು ಎಂಬುದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಮಕ್ಕಳ ಶಾಂಪೂ ಅಥವಾ ಸಾದಾ ಮೃದು ಶಾಂಪೂ ಸಾಕು. ತುಂಬ ಕಂಡೀಷನರ್ ಇರುವಂಥದ್ದು ಬೇಡ. ಅದು ಕೂದಲಿಗೆ ಪದರ ಕಟ್ಟಿ ಪೌಡರ್ ಹಿಡಿಯದಂತೆ ಮಾಡುತ್ತದೆ. ಆದರೆ ನೀರಿನ ಗುಣ ಗಮನಿಸಬೇಕಾದ ವಿಷಯ. ಕಾವೇರಿ ನೀರು ಬರುವ ಮನೆಗೂ ಬೋರ್‌ವೆಲ್ ನೀರಿನ ಮೇಲೆ ನಿಂತ ಮನೆಗೂ ವ್ಯತ್ಯಾಸವಿದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪಿನ ಜತೆ ಕೂಡಿ, ಕರಗದ ಬಿಳಿ ಗಷ್ಟಾಗುತ್ತವೆ. ಬಕೆಟ್ಟಿನ ಅಂಚಿಗೆ ಕೂರುವ ಅದೇ ಬಿಳಿ ಪದರ ಬ್ರಷ್ಷಿನ ಕೂದಲಿಗೂ ಕೂರುತ್ತದೆ. ತೊಳೆದ ಮೇಲೂ ಕೂದಲು ಅಂಟಂಟಾಗಿ, ಬಿರುಸಾಗಿ ಇದ್ದರೆ ಕಾರಣ ಇದಿರಬಹುದು. ಬೋರ್‌ವೆಲ್ ನೀರಿನ ಮನೆಯವರು ಸೋಪಿನ ಬಿಲ್ಲೆ ಬಿಟ್ಟು ಶಾಂಪೂ ಬಳಸಿ, ಕೊನೆಯ ಜಾಲಾಟಕ್ಕೆ ಕುಡಿಯಲು ಶುದ್ಧೀಕರಿಸಿದ ನೀರನ್ನು ಒಂದು ಲೋಟ ತೆಗೆದುಕೊಂಡರೆ ವ್ಯತ್ಯಾಸ ಕೈಗೇ ತಿಳಿಯುತ್ತದೆ.

ನೀರು ಉಗುರುಬೆಚ್ಚಗಿದ್ದರೆ ಸಾಕು, ಬಿಸಿ ಬೇಡ. ಬಿಸಿಗೆ ಅಂಟು ಸಡಿಲವಾಗುತ್ತದೆ. ನಲ್ಲಿಯ ಕೆಳಗೆ ಹಿಡಿಯುವಾಗ ಕೂದಲು ಸದಾ ಕೆಳಮುಖವಾಗಿರಬೇಕು, ನೀರು ಕೊಳವೆಯ ಕಡೆಯಿಂದ ತುದಿಯ ಕಡೆಗೆ ಹರಿಯಬೇಕು. ಬಟ್ಟಲಲ್ಲಿ ಶಾಂಪೂ ನೀರು ಮಾಡಿ ಅದ್ದುವುದಾದರೆ ಕೂದಲಿನ ಅರ್ಧದಷ್ಟು ಮುಳುಗಿದರೆ ಸಾಕು. ಅಂಗೈಯಲ್ಲಿ ಹಗುರವಾಗಿ ಸುತ್ತುವುದು ಸರಿ. ಬುಡ ಹರಡುವಷ್ಟು ಒತ್ತಿ ಉಜ್ಜುವುದು ಬೇಡ. ರಾತ್ರಿಯಿಡೀ ನೆನೆಸಿಡುವುದಂತೂ ಬ್ರಷ್ಷಿನ ಆಯುಷ್ಯವನ್ನು ಒಂದೇ ರಾತ್ರಿಯಲ್ಲಿ ಕಡಿಮೆ ಮಾಡುತ್ತದೆ. ನೀರು ತಿಳಿಯಾಗಿ ಬರುವವರೆಗೆ ಜಾಲಿಸಬೇಕು.

ಮದುವೆ ಮನೆಯಂಥ ಕಡೆ ಇಷ್ಟಕ್ಕೆಲ್ಲ ಸಮಯವಿರುವುದಿಲ್ಲ. ಒಂದು ಮುಖ ಮುಗಿದು ಮುಂದಿನ ಮುಖ ಬರುವ ನಡುವೆ ವೃತ್ತಿಪರರು ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸುತ್ತಾರೆ. ಅದರಲ್ಲೂ ಶೇ. 70ರದ್ದು. ಶೇ. 99ರದ್ದು ಇನ್ನೂ ಬಲವಾದದ್ದಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ಆಲ್ಕೋಹಾಲ್ ಸೂಕ್ಷ್ಮಾಣುಗಳನ್ನು ಕೊಲ್ಲುವುದು ಅವುಗಳ ಪ್ರೋಟೀನನ್ನು ಕೆಡಿಸಿ. ಆ ಕ್ರಿಯೆಗೆ ಸ್ವಲ್ಪ ನೀರು ಬೇಕು. ನೀರಿರುವುದರಿಂದ ಅದು ನಿಧಾನವಾಗಿ ಆರಿ, ಕೆಲಸ ಮಾಡಲು ಸಮಯವೂ ಸಿಗುತ್ತದೆ. ಶೇ. 99ರದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಆವಿಯಾಗಿಬಿಡುತ್ತದೆ. ಇಲ್ಲಿ ಎರಡು ಎಚ್ಚರ ಬೇಕು. ಬಣ್ಣ, ಜಿಡ್ಡು ಕೂತ ಬ್ರಷ್ ಮೇಲೆ ಸ್ಪ್ರೇ ಹೊಡೆದರೆ ಜಿಡ್ಡಿನ ಅಡಿಯಲ್ಲಿರುವುದಕ್ಕೆ ಅದು ತಲುಪುವುದಿಲ್ಲ. ಮೊದಲು ಒರೆಸಬೇಕು, ಆಮೇಲೆ ಸ್ಪ್ರೇ. ಎರಡನೆಯದು ಬೆಂಕಿ. ಛತ್ರದ ವಧುವಿನ ಕೋಣೆಯಲ್ಲಿ ದೀಪ, ಊದುಬತ್ತಿ, ಕೂದಲು ಸುರುಳಿ ಮಾಡುವ ಬಿಸಿ ಸಲಕರಣೆ ಎಲ್ಲವೂ ಒಂದೇ ಮೇಜಿನ ಸುತ್ತ ಇರುತ್ತವೆ. ಆಲ್ಕೋಹಾಲ್ ಬೇಗ ಹೊತ್ತಿಕೊಳ್ಳುವ ವಸ್ತು. ಇನ್ನು ಮೇಕೆ, ಅಳಿಲಿನ ಕೂದಲಿಗೆ ದಿನವೂ ಆಲ್ಕೋಹಾಲ್ ಬಿದ್ದರೆ ಅದು ಒಣಗಿ ಪೆಡಸಾಗುತ್ತದೆ. ವೃತ್ತಿಯಲ್ಲಿರುವ ಎಷ್ಟೋ ಜನ ಕೃತಕ ಕೂದಲಿಗೆ ಬದಲಾಗಿರುವುದಕ್ಕೆ ಇದೂ ಒಂದು ಕಾರಣ.

ಕೃತಕ ಕೂದಲಿನ ಚರಿತ್ರೆ ಹಲ್ಲುಜ್ಜುವ ಬ್ರಷ್‌ನಿಂದ ಶುರುವಾಗುತ್ತದೆ. ಅಮೆರಿಕದ ಡ್ಯುಪಾಂಟ್ ಕಂಪನಿ ಕಂಡುಹಿಡಿದ ನೈಲಾನ್ 1938ರಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದು ಹಲ್ಲುಜ್ಜುವ ಬ್ರಷ್ಷಿನ ಎಳೆಯಾಗಿ; ಅಲ್ಲಿಯವರೆಗೆ ಆ ಕೆಲಸಕ್ಕೆ ಹಂದಿಯ ಬಿರುಗೂದಲು ಬಳಕೆಯಲ್ಲಿತ್ತು. ಈಗಿನ ಮೇಕಪ್ ಬ್ರಷ್‌ಗಳ ಎಳೆಗಳು ನೈಲಾನ್ ಮತ್ತು ಪಾಲಿಯೆಸ್ಟರ್ ಜಾತಿಯವು. ಎಳೆಯ ಮೇಲೆ ಪದರಗಳಿಲ್ಲದ್ದರಿಂದ ಅದು ಕ್ರೀಮ್ ಹೀರುವುದು ಕಡಿಮೆ, ತೊಳೆಯಲು ಹಗುರ, ಒಣಗುವುದು ಬೇಗ. ಫೌಂಡೇಶನ್‌ಗೆ ಕೃತಕ, ಪೌಡರ್‌ಗೆ ನೈಸರ್ಗಿಕ ಎಂಬ ಹಳೆಯ ಸೂತ್ರ ಹುಟ್ಟಿದ್ದು ಹೀಗೆ. ಈಚಿನ ಅಲೆಅಲೆಯಾದ ಕೃತಕ ಎಳೆಗಳು ಪೌಡರನ್ನೂ ಚೆನ್ನಾಗಿ ಹಿಡಿಯುವುದರಿಂದ ಆ ಗೆರೆ ಅಳಿಸುತ್ತಿದೆ.

ನೈಸರ್ಗಿಕ ಕೂದಲೇ ಬೇಕೆನ್ನುವವರು ಯಾವ ಪ್ರಾಣಿಯದು ಎಂದು ಕೇಳಿಯೇ ಕೊಳ್ಳಬೇಕು. ನಮ್ಮ ದೇಶದಲ್ಲಿ ಚಿತ್ರಕಲೆಯ ಕುಂಚಗಳಿಗಾಗಿ ಮುಂಗುಸಿಗಳನ್ನು ಕೊಲ್ಲುವ ಕಳ್ಳ ವ್ಯಾಪಾರ ಇನ್ನೂ ನಿಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮುಂಗುಸಿಯ ಬೇಟೆ, ಅದರ ಕೂದಲಿನ ಮಾರಾಟ ಎರಡೂ ಅಪರಾಧ. 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ದಳ ‘ಆಪರೇಷನ್ ಕ್ಲೀನ್ ಆರ್ಟ್’ ಹೆಸರಿನಲ್ಲಿ ಹಲವು ರಾಜ್ಯಗಳಲ್ಲಿ ದಾಳಿ ನಡೆಸಿ ಸಾವಿರಾರು ಕುಂಚಗಳನ್ನು ವಶಪಡಿಸಿಕೊಂಡಿತು. ಮೂಲ ಹೇಳಲಾಗದ ಅಂಗಡಿಯಿಂದ ಕೂದಲಿನ ಬ್ರಷ್ ಕೊಳ್ಳದಿರುವುದು ಒಳ್ಳೆಯದು.

ಒಣಗಿಸುವ ಹಂತಕ್ಕೆ ಬರೋಣ. ಎಷ್ಟು ಚೆನ್ನಾಗಿ ತೊಳೆದರೂ ಇಲ್ಲಿ ಎಡವಿದರೆ ಶ್ರಮ ವ್ಯರ್ಥ. ತೊಳೆದ ಬ್ರಷ್ಷನ್ನು ಒಣ ಟವೆಲ್ಲಿನಲ್ಲಿ ಸುತ್ತಿ, ಹಿಂಡದೆ, ತಿರುಚದೆ ಒತ್ತಿ ನೀರು ತೆಗೆಯಬೇಕು. ಬೆರಳಿನಿಂದ ಮೊದಲಿನ ಆಕಾರಕ್ಕೆ ತರಬೇಕು, ಏಕೆಂದರೆ ಒಣಗುವಾಗ ಇದ್ದ ಆಕಾರವೇ ಕೊನೆಗೆ ನಿಲ್ಲುತ್ತದೆ. ಆಮೇಲೆ ಮೇಜಿನ ಅಂಚಿನಲ್ಲಿ ಕೂದಲು ಹೊರಗೆ ಚಾಚಿರುವಂತೆ ಮಲಗಿಸಿದರೆ ಸುತ್ತಲೂ ಗಾಳಿ ಆಡುತ್ತದೆ. ಟವೆಲ್ಲಿನ ಮೇಲೆಯೇ ಮಲಗಿಸಿದರೆ ಕೆಳಗಿನ ಬದಿ ಒದ್ದೆಯಾಗಿಯೇ ಉಳಿಯುತ್ತದೆ. ತಲೆಕೆಳಗಾಗಿ ತೂಗುಹಾಕುವುದು ಎಲ್ಲಕ್ಕಿಂತ ಉತ್ತಮ. ಬಟ್ಟೆ ಒಣಹಾಕುವ ಸ್ಟ್ಯಾಂಡಿಗೆ ರಬ್ಬರ್ ಬ್ಯಾಂಡಿನಲ್ಲಿ ಹಿಡಿಯನ್ನು ಕಟ್ಟಿದರೂ ಆಯಿತು. ಹೇರ್ ಡ್ರೈಯರಿನ ಬಿಸಿಗಾಳಿ ಬೇಡ, ಸುಡುಬಿಸಿಲು ಬೇಡ. ನೆರಳು, ಫ್ಯಾನ್ ಗಾಳಿ ಸಾಕು.

ಆದರೆ ಕರ್ನಾಟಕದಲ್ಲಿ ಎಲ್ಲ ಊರಿನ ನೆರಳೂ ಒಂದೇ ಅಲ್ಲ. ಏಪ್ರಿಲ್‌ನ ಕಲಬುರಗಿ, ಬಳ್ಳಾರಿಯಲ್ಲಿ ಮಧ್ಯಾಹ್ನ ತೊಳೆದ ಸಣ್ಣ ಬ್ರಷ್ ಸಂಜೆಗೆ ಗರಿಗರಿ. ಜುಲೈಯ ಮಂಗಳೂರು, ಉಡುಪಿಯಲ್ಲಿ ಗಾಳಿಯ ತೇವಾಂಶ ಶೇ. 90ರ ಆಸುಪಾಸಿನಲ್ಲಿರುತ್ತದೆ. ಅಲ್ಲಿ ಎರಡು ದಿನವಾದರೂ ದಪ್ಪ ಬ್ರಷ್ಷಿನ ಬುಡ ತಣ್ಣಗೇ ಇರುತ್ತದೆ. ಕಪಾಟಿನಲ್ಲಿಟ್ಟ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುವ ಕಾಲ ಅದು. ಮೇಕೆ ಕೂದಲಿನ ಬ್ರಷ್‌ಗೂ ಹಿಡಿಯುತ್ತದೆ. ಮಳೆಗಾಲದಲ್ಲಿ ಕರಾವಳಿಯವರು, ಮಲೆನಾಡಿನವರು ಒಂದೇ ಸಲ ಎಲ್ಲವನ್ನೂ ತೊಳೆಯುವ ಬದಲು ಎರಡು ಮೂರನ್ನು ತೊಳೆದು ಫ್ಯಾನಿನ ಎದುರು ತೂಗುಹಾಕುವುದು ಮೇಲು. ಎಸಿ ಇರುವ ಮನೆಯಾದರೆ ಆ ಕೋಣೆಯಲ್ಲೇ ಇಡಬಹುದು, ಎಸಿ ಗಾಳಿಯಿಂದ ತೇವವನ್ನೂ ತೆಗೆಯುತ್ತದೆ. ಪೂರ್ತಿ ಒಣಗಿದ ಮೇಲೆ ಮಾತ್ರ ಮುಚ್ಚಿದ ಚೀಲಕ್ಕೆ ಹೋಗಬೇಕು, ಜತೆಗೊಂದು ಸಿಲಿಕಾ ಜೆಲ್ ಪೊಟ್ಟಣ. ಒಣಗಿತೇ ಎಂದು ತಿಳಿಯುವ ದಾರಿ ಸುಲಭ. ಬುಡವನ್ನು ಎರಡು ಬೆರಳಿನಲ್ಲಿ ಒತ್ತಿ ಹಿಡಿದು ಮೇಲ್ತುಟಿಗೆ ತಾಗಿಸಿದಾಗ ತಣ್ಣಗೆನಿಸಿದರೆ ಒಳಗೆ ನೀರಿದೆ. ಮಣ್ಣುವಾಸನೆ, ಮುಗ್ಗಲುವಾಸನೆ ಬಂದರೆ ಮತ್ತೆ ತೊಳೆದು ಒಣಗಿಸಬೇಕು. ಆಮೇಲೂ ಹೋಗದಿದ್ದರೆ ಆ ಬ್ರಷ್ಷನ್ನು ಬಿಡಬೇಕು.

ಹಂಚಿಕೊಳ್ಳುವ ವಿಷಯದಲ್ಲಿ ನಮ್ಮ ಮನೆಗಳು ಉದಾರ. ಅಕ್ಕನ ಲಿಪ್‌ಸ್ಟಿಕ್ ತಂಗಿಗೆ, ಅತ್ತಿಗೆಯ ಕಾಡಿಗೆ ಎಲ್ಲರಿಗೂ. ಈ ಪ್ರೀತಿಗೆ ಕಣ್ಣು ತೆತ್ತ ಬೆಲೆ ಭಾರತದ ಆರೋಗ್ಯದ ಚರಿತ್ರೆಯಲ್ಲಿದೆ. ಕುರುಡುತನಕ್ಕೆ ದೊಡ್ಡ ಕಾರಣವಾಗಿದ್ದ ಟ್ರಕೋಮಾ ಎಂಬ ಸೋಂಕು ಕೊಳಕು ಕೈ, ಟವೆಲ್, ನೊಣಗಳ ಮೂಲಕ ಹರಡುತ್ತಿತ್ತು. ಒಂದೇ ಬೆರಳು ಅಥವಾ ಕಡ್ಡಿಯಿಂದ ಹಲವು ಮಕ್ಕಳಿಗೆ ಕಾಡಿಗೆ, ಸುರ್ಮಾ ಹಚ್ಚುವುದೂ ಅದಕ್ಕೆ ದಾರಿಯೆಂದು ವೈದ್ಯಕೀಯ ಪಠ್ಯಗಳು ಎಚ್ಚರಿಸುತ್ತ ಬಂದಿವೆ. ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಟ್ರಕೋಮಾ ಭಾರತದಿಂದ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 2024ರ ಅಕ್ಟೋಬರಿನಲ್ಲಿ. ಕಣ್ಣು ಕೆಂಪಾಗುವ ಸಾಮಾನ್ಯ ಸೋಂಕುಗಳು, ತುಟಿಯ ಮೇಲೆ ಗುಳ್ಳೆ ತರುವ ಹರ್ಪಿಸ್ ಈಗಲೂ ಇದೇ ಹಾದಿಯಲ್ಲಿ ಬರುತ್ತವೆ. ಒಳ್ಳೆಯ ಮೇಕಪ್ ಕಲಾವಿದೆ ಲಿಪ್‌ಸ್ಟಿಕ್ಕನ್ನು ನೇರವಾಗಿ ತುಟಿಗೆ ಒತ್ತುವುದಿಲ್ಲ. ಸ್ಟೀಲಿನ ಚಪ್ಪಟೆ ಕಡ್ಡಿಯಿಂದ ಚೂರು ಕೆರೆದು ತಟ್ಟೆಗೆ ತೆಗೆದು, ಅಲ್ಲಿಂದ ಬ್ರಷ್‌ಗೆ ತೆಗೆದುಕೊಳ್ಳುತ್ತಾಳೆ. ಮಸ್ಕಾರಕ್ಕೆ ಒಮ್ಮೆ ಬಳಸಿ ಎಸೆಯುವ ಕಡ್ಡಿ. ಸಲೂನಿನಲ್ಲಾಗಲಿ ಮದುವೆ ಮನೆಯಲ್ಲಾಗಲಿ ಇದು ಕಾಣದಿದ್ದರೆ ಸಂಕೋಚ ಬಿಟ್ಟು ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ.

ಸ್ಪಾಂಜಿನ ಆಯುಷ್ಯ ಬ್ರಷ್ಷಿನಷ್ಟಿಲ್ಲ. ದಿನವೂ ಬಳಸುವುದಾದರೆ ಮೂರು ತಿಂಗಳ ಆಸುಪಾಸಿಗೆ ಬದಲಿಸುವುದು ವಾಡಿಕೆ, ಹರಿದರೆ ಅದಕ್ಕೂ ಮುಂಚೆ. ಬಳಸಿದ ದಿನವೇ ತೊಳೆದು, ಗಾಳಿಯಾಡುವ ಕಡೆ ಇಡಬೇಕು. ಅದು ಬಂದ ಪ್ಲಾಸ್ಟಿಕ್ ಡಬ್ಬಿಗೆ ಒದ್ದೆಯಾಗಿ ಮರಳಬಾರದು. ಸ್ಪಾಂಜನ್ನು ಮೈಕ್ರೋವೇವ್‌ನಲ್ಲಿಟ್ಟು ಶುದ್ಧ ಮಾಡುವ ಸಲಹೆ ಅಲ್ಲಲ್ಲಿ ಓಡಾಡುತ್ತದೆ. ಒಣಗಿದ್ದರೆ ಅದು ಹೊತ್ತಿಕೊಳ್ಳುವ ಅಪಾಯವಿದೆ, ಪ್ರಯತ್ನ ಬೇಡ. ಇನ್ನು ಬ್ರಷ್ಷನ್ನು ಎಷ್ಟೇ ಸರಿಯಾಗಿ ತೊಳೆದರೂ ಪೌಡರಿನ ಡಬ್ಬಿ ಗಮನಿಸದಿದ್ದರೆ ಕೆಲಸ ಅರ್ಧವೇ ಆದಂತೆ. ಅರೆ ಒದ್ದೆ ಬ್ರಷ್ಷನ್ನೋ ಜಿಡ್ಡು ಮುಖ ಮುಟ್ಟಿದ ಬ್ರಷ್ಷನ್ನೋ ಮತ್ತೆ ಮತ್ತೆ ಅದ್ದಿದರೆ ಪೌಡರಿನ ಮೇಲೆ ಹೊಳೆಯುವ ಗಟ್ಟಿ ಪದರ ಕಟ್ಟುತ್ತದೆ, ಬಣ್ಣ ಏಳುವುದಿಲ್ಲ. ಆ ಪದರವನ್ನು ಟೇಪ್ ಒತ್ತಿ ಎತ್ತಿ ತೆಗೆಯಬಹುದು.

ಹೊಸ ಬ್ರಷ್ ಕೊಂಡ ದಿನ ಬಳಸುವ ಮುಂಚೆ ಒಮ್ಮೆ ತೊಳೆಯಬೇಕು. ಬಣ್ಣ ಹಾಕಿದ ಕೂದಲಾದರೆ ಮೊದಲ ಸಲ ಸ್ವಲ್ಪ ಬಣ್ಣ ಬಿಡುತ್ತದೆ, ಮೇಕೆ ಕೂದಲಾದರೆ ಒದ್ದೆಯಾದಾಗ ಪ್ರಾಣಿಯ ವಾಸನೆಯೂ ಬರುತ್ತದೆ, ಎರಡೂ ದೋಷವಲ್ಲ. ಕಟ್ಟುವಾಗ ಅಂಟಿಗೆ ಸಿಗದೆ ಉಳಿದ ನಾಲ್ಕಾರು ಕೂದಲು ಉದುರುವುದೂ ಸಹಜ. ಎರಡು ಮೂರು ಸಲ ತೊಳೆದ ಮೇಲೂ ಗುಂಪಾಗಿ ಉದುರುತ್ತಿದ್ದರೆ ಬುಡದ ಅಂಟೇ ಸರಿಯಿಲ್ಲ ಎಂದರ್ಥ. ಬಿಲ್ ಇಟ್ಟುಕೊಂಡಿದ್ದರೆ ಅಂಥ ಬ್ರಷ್ಷನ್ನು ಅಂಗಡಿಗೆ ಹಿಂದಿರುಗಿಸಿ ಬದಲಿ ಕೇಳಬಹುದು.